ಗಣಕಯಂತ್ರದ ಉಗ್ರಾಣವನ್ನು ಪರೀಕ್ಷಿಸುವ ಕ್ರಮ

ಉಗ್ರಾಣದಲ್ಲಿ ಸ್ಥಳವಿಲ್ಲವೆಂದು ಕಂಡಾಗ ಜಾಣೆಯಾದ ಗೃಹಿಣಿಯು ಕೈಗೆ ಸಿಕ್ಕಿದ ಡಬ್ಬಿಯನ್ನು ಬೀದಿಗೆ ಎಸೆಯುವುದಿಲ್ಲ. ಯಾವ ಪದಾರ್ಥವು ಎಷ್ಟು ಸ್ಥಳವನ್ನು ಆಕ್ರಮಿಸಿದೆಯೆಂದು ಮೊದಲು ನೋಡುತ್ತಾಳೆ. ಗಣಕಯಂತ್ರದ ಹಾರ್ಡ್ ಡಿಸ್ಕಿಗೂ ಇದೇ ನ್ಯಾಯವು ಸಲ್ಲತಕ್ಕದ್ದು. ‘ಡಿಸ್ಕ್ ತುಂಬಿದೆ’ ಎಂಬ ಎಚ್ಚರಿಕೆಯನ್ನು ಕಂಡೊಡನೆ ಗಾಬರಿಯಿಂದ ಅಳಿಸತೊಡಗಿ, ಮಗಳ ಬಾಲ್ಯದ ಭಾವಚಿತ್ರಗಳನ್ನೋ ತೀರಿಹೋದ ಅಜ್ಜಿಯ ಧ್ವನಿಯನ್ನೋ ಶಾಶ್ವತವಾಗಿ ಕಳೆದುಕೊಂಡವರುಂಟು. ಹೊಸಹಳ್ಳಿಯ ಅನೇಕ ಮನೆಗಳಲ್ಲಿ ಈಗ ಈ ಯಂತ್ರವಿರುವುದರಿಂದ, ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿದ್ದೇವೆ.

ಮೊದಲು ಅಳತೆಯನ್ನು ತಿಳಿಯಬೇಕು. 500 ಗಿಗಾಬೈಟಿನ ಡಿಸ್ಕನ್ನು ಕೊಂಡರೆ ವಿಂಡೋಸ್ ಅದನ್ನು ಸುಮಾರು 465 ಎಂದು ತೋರಿಸುವುದು. ಇದು ಅಂಗಡಿಯವನ ಮೋಸವಲ್ಲ. ತಯಾರಕರು ಒಂದು ಗಿಗಾಬೈಟಿಗೆ 100 ಕೋಟಿ ಬೈಟುಗಳೆಂದು ಎಣಿಸುತ್ತಾರೆ. ವಿಂಡೋಸ್ 107 ಕೋಟಿಗೂ ಮಿಕ್ಕಿ ಎಣಿಸುತ್ತದೆ. ಸೇರು ದೊಡ್ಡದಾದರೆ ಸೇರುಗಳ ಸಂಖ್ಯೆ ಕಡಿಮೆಯಾಗುವುದು ಸಹಜವಷ್ಟೆ.

ಬರಹದಿಂದ ಡಿಸ್ಕು ತುಂಬುವುದು ಅಪರೂಪ. ಯೂನಿಕೋಡಿನ ಯು.ಟಿ.ಎಫ್.-8 ಕ್ರಮದಲ್ಲಿ ‘ಕ’ ಎಂಬ ಅಕ್ಷರಕ್ಕೆ 3 ಬೈಟುಗಳೂ ‘ಕ್ಕ’ ಎಂಬ ಒತ್ತಕ್ಷರಕ್ಕೆ 9 ಬೈಟುಗಳೂ ಸಾಕು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತರು ರಚಿಸಿ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿಗೆ 1,700ಕ್ಕೆ ಮಿಕ್ಕಿದ ಪುಟಗಳುಂಟು. ಅದರ ಅಕ್ಷರಗಳನ್ನೆಲ್ಲ ಬೆರಳಚ್ಚು ಮಾಡಿ ಇಟ್ಟರೂ, ಮೊಬೈಲಿನಲ್ಲಿ ತೆಗೆದ ಒಂದೆರಡು ನಿಮಿಷಗಳ ವಿಡಿಯೋ ಹಿಡಿಯುವಷ್ಟು ಸ್ಥಳವನ್ನು ಅವು ಹಿಡಿಯಲಾರವು. ಆದಕಾರಣ ಮಕ್ಕಳ ಟಿಪ್ಪಣಿಗಳನ್ನು ಅಳಿಸುವುದರಿಂದ ಪ್ರಯೋಜನವಿಲ್ಲ.

ಇನ್ನು ಹುಡುಕುವ ಕ್ರಮ. ವಿಂಡೋಸ್ 10 ಮತ್ತು 11ರಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’ ಎಂಬುದನ್ನು ತೆರೆದರೆ, ಯಾವ ವರ್ಗವು ಎಷ್ಟು ಸ್ಥಳ ಹಿಡಿದಿದೆಯೆಂಬ ಪಟ್ಟಿ ಕಾಣುವುದು. ಇನ್ನೂ ಸೂಕ್ಷ್ಮವಾಗಿ ನೋಡಬೇಕಾದರೆ ‘ವಿನ್‌ಡರ್‌ಸ್ಟ್ಯಾಟ್’ ಎಂಬ ಉಚಿತ ತಂತ್ರಾಂಶವುಂಟು. ಅದು ಒಂದೊಂದು ಕಡತವನ್ನೂ ಅದರ ಗಾತ್ರಕ್ಕೆ ತಕ್ಕ ಚೌಕವಾಗಿ ಚಿತ್ರಿಸುತ್ತದೆ. ದೊಡ್ಡ ಚೌಕವೇ ದೊಡ್ಡ ಕಡತ. ಲಿನಕ್ಸ್ ಉಪಯೋಗಿಸುವವರಿಗೆ ‘ಡಿ.ಯು.’ ಎಂಬ ಆಜ್ಞೆಯು ಇದೇ ಲೆಕ್ಕವನ್ನು ಒಪ್ಪಿಸುತ್ತದೆ.

ಕಂಡದ್ದನ್ನೆಲ್ಲ ಅಳಿಸಕೂಡದು. ‘ಪೇಜ್‌ಫೈಲ್’, ‘ಹೈಬರ್‌ಫಿಲ್’ ಎಂಬ ಭಾರಿ ಕಡತಗಳು ಯಂತ್ರದ ಸ್ವಂತ ಕೆಲಸಕ್ಕೆ ಬೇಕಾದವು. ‘ವಿಂಡೋಸ್’ ಎಂಬ ಕಡತಕೋಶದೊಳಗೆ ಕೈಹಾಕಲೇಬಾರದು. ‘ಟೆಂಪರರಿ ಫೈಲ್ಸ್’ ಪಟ್ಟಿಯನ್ನು ನಿರ್ಭಯವಾಗಿ ಗುಡಿಸಬಹುದಾದರೂ, ಅದರಲ್ಲಿ ‘ಡೌನ್‌ಲೋಡ್ಸ್’ ಎಂಬ ಸಾಲೂ ಸೇರಿರುವುದನ್ನು ಮರೆಯಬಾರದು. ಮಗಳ ಅಂಕಪಟ್ಟಿಯ ಪ್ರತಿಯು ಅಲ್ಲಿಯೇ ಇದ್ದೀತು. ಅಳಿಸಿದ ಕಡತಗಳು ಸಾಮಾನ್ಯವಾಗಿ ‘ರೀಸೈಕಲ್ ಬಿನ್’ ಎಂಬ ಬುಟ್ಟಿಗೆ ಹೋಗುತ್ತವೆ. ಅದನ್ನು ಬರಿದುಮಾಡುವ ತನಕ ಸ್ಥಳವು ಬಿಡುವಾಗುವುದಿಲ್ಲ. ಬರಿದುಮಾಡುವ ಮೊದಲು ಒಮ್ಮೆ ಇಣಿಕಿ ನೋಡುವುದು ಲೇಸು.

ಭಾವಚಿತ್ರಗಳನ್ನು ತೆಗೆಯಲೇಬೇಕಾದರೆ ಎರಡು ಬೇರೆ ಬೇರೆ ಕಡೆಗಳಲ್ಲಿ ಪ್ರತಿ ಮಾಡಿ, ಆ ಪ್ರತಿಗಳು ತೆರೆಯುತ್ತವೆಯೆಂದು ಪರೀಕ್ಷಿಸಿ, ಆಮೇಲೆ ಮೂಲವನ್ನು ಅಳಿಸತಕ್ಕದ್ದು. ‘ಒನ್‌ಡ್ರೈವ್’ ಜೊತೆ ಜೋಡಿಸಿರುವ ಕೋಶದಲ್ಲಿ ಅಳಿಸಿದರೆ ಅಂತರ್ಜಾಲದಲ್ಲಿರುವ ಪ್ರತಿಯೂ ಅಳಿಯುವುದೆಂಬುದು ನೆನಪಿರಲಿ.

ಲೂಕನ ಸುವಾರ್ತೆಯಲ್ಲಿ ನಾಣ್ಯವನ್ನು ಕಳೆದುಕೊಂಡ ಸ್ತ್ರೀಯು ಪೊರಕೆಯನ್ನು ಹಿಡಿಯುವುದಕ್ಕೆ ಮುಂಚೆ ದೀಪವನ್ನು ಹಚ್ಚಿದಳು. ನಮ್ಮ ಹೆಣ್ಣುಮಕ್ಕಳು ಯಂತ್ರದ ಮುಂದೆ ಕುಳಿತಾಗಲೂ ಈ ಕ್ರಮವನ್ನೇ ಅನುಸರಿಸಲಿ: ಮೊದಲು ಬೆಳಕು, ಆಮೇಲೆ ಗುಡಿಸುವಿಕೆ. ಆಗ ಕಸವು ಹೋಗುವುದು, ನಾಣ್ಯವು ಉಳಿಯುವುದು.