ಕಂದನ ಕತ್ತು ಒಂದೇ ಕಡೆ ವಾಲಿದರೆ

ನಿಮ್ಮ ಮಗು ಯಾವಾಗಲೂ ಒಂದೇ ಕಡೆ ಮುಖ ಮಾಡಿ ಮಲಗುತ್ತದೆಯೇ? ಫೋಟೋಗಳಲ್ಲೆಲ್ಲ ತಲೆ ಅದೇ ಭುಜದತ್ತ ವಾಲಿರುತ್ತದೆಯೇ? "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ" ಎಂದು ಊರಿನಿಂದ ಹಿರಿಯರು ಫೋನಿನಲ್ಲಿ ಸಮಾಧಾನ ಹೇಳುವುದು ಸಹಜ. ಆದರೆ ಇದು ಟಾರ್ಟಿಕಾಲಿಸ್ ಇರಬಹುದು. ನಮ್ಮ ಮಗಳಿಗೆ 2 ತಿಂಗಳಾಗಿದ್ದಾಗ ಇದು ತಿಳಿಯಿತು. ನಾವು ವೈದ್ಯರಲ್ಲ, ಸಾಫ್ಟ್‌ವೇರ್ ಕೆಲಸದವರು. ಇಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳಿಗೆ ಅನುಕೂಲವಾಗಲೆಂದು ನಾವು ಕಲಿತದ್ದನ್ನು ಬರೆಯುತ್ತಿದ್ದೇವೆ.

ಏನಿದು?

ಕಿವಿಯ ಹಿಂದಿನಿಂದ ಎದೆಯ ಮೇಲ್ಭಾಗದ ಮೂಳೆಗಳವರೆಗೆ ಕತ್ತಿನ ಎರಡೂ ಬದಿ ಒಂದೊಂದು ಸ್ನಾಯು ಇದೆ. ಒಂದು ಬದಿಯದು ಬಿಗಿದುಕೊಂಡರೆ ತಲೆ ಆ ಕಡೆ ವಾಲುತ್ತದೆ, ಗದ್ದ ಎದುರು ಕಡೆ ತಿರುಗುತ್ತದೆ. ಗರ್ಭದಲ್ಲಿ ಮಗು ಇದ್ದ ಭಂಗಿ ಒಂದು ಕಾರಣವಿರಬಹುದು. ತಾಯಿಯ ತಪ್ಪೇನೂ ಇಲ್ಲ. ಒಂದೇ ಕಡೆ ಮಲಗಿ ತಲೆಯ ಹಿಂಭಾಗವೂ ಚಪ್ಪಟೆಯಾಗಬಹುದು.

ಬೇಗ ಏಕೆ?

ಅಮೆರಿಕದ ಫಿಸಿಕಲ್ ಥೆರಪಿಸ್ಟರ 2018ರ ಮಾರ್ಗಸೂಚಿಯ ಪ್ರಕಾರ, 1 ತಿಂಗಳೊಳಗೆ ಥೆರಪಿ ಶುರುವಾದರೆ ಬಹುತೇಕ ಮಕ್ಕಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಸರಾಗವಾಗಿ ತಿರುಗುತ್ತದೆ. 6 ತಿಂಗಳು ದಾಟಿದ ಮೇಲೆ ಶುರುಮಾಡಿದರೆ 9-10 ತಿಂಗಳೇ ಬೇಕಾಗಬಹುದು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಕಣ್ಣು, ಮೂಳೆ, ಸೊಂಟದ ಕೀಲುಗಳನ್ನೂ ನೋಡಬೇಕು.

ಮನೆಯ ಅಭ್ಯಾಸ

ನಮ್ಮ ಮಗಳಿಗೆ ಬಲಗಡೆ ಬಿಗಿ. ಥೆರಪಿಸ್ಟ್ ಕೈಹಿಡಿದು ಕಲಿಸಿದ ಮೇಲೆ ನಾವು ಮಾಡಿದ್ದು ಇಷ್ಟು:

1. ಅಂಗಾತ ಮಲಗಿಸಿ, ಎಡಭುಜ ಮೆಲ್ಲಗೆ ಹಿಡಿದು, ಮುಖವನ್ನು ನಿಧಾನವಾಗಿ ಬಲಕ್ಕೆ ತಿರುಗಿಸುವುದು.

2. ಬಲಭುಜ ಹಿಡಿದು, ಎಡಕಿವಿ ಎಡಭುಜದ ಹತ್ತಿರ ಬರುವಂತೆ ತಲೆ ಬಾಗಿಸುವುದು. ಮಗು ಬಲವಾಗಿ ಅಡ್ಡಿ ಮಾಡಿದರೆ ತಕ್ಷಣ ಬಿಡಬೇಕು, ಎಂದೂ ಎಳೆಯಬಾರದು.

3. ಆಟಿಕೆ, ಮಾತು, ಹಾಡು ಎಲ್ಲವೂ ಬಲಗಡೆಯಿಂದ. ತಾನಾಗಿ ತಿರುಗುವುದೇ ಒಳ್ಳೆಯ ವ್ಯಾಯಾಮ.

4. ಎಚ್ಚರವಿದ್ದಾಗ, ನಾವು ಪಕ್ಕದಲ್ಲೇ ಇದ್ದು, ಬೋರಲು ಮಲಗಿಸುವುದು. ಮೊದಲು ದಿನಕ್ಕೆ ಎರಡು-ಮೂರು ಬಾರಿ 3-5 ನಿಮಿಷ, ಆಮೇಲೆ ಹೆಚ್ಚು.

ಅಳುವ ಮಗುವಿನ ಕತ್ತು ಹಿಡಿಯಲು ಕೈ ನಡುಗುತ್ತದೆ. ಡೈಪರ್ ಬದಲಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಮಾಡುವುದು ನಮಗೆ ಸುಲಭವಾಯಿತು. ಯಾರು, ಯಾವಾಗ ಮಾಡಿದರೆಂದು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಗುರುತು ಹಾಕುತ್ತಿದ್ದೆವು.

ಅಜ್ಜಿಯರ ಪಾತ್ರ

ನಮ್ಮ ಅಜ್ಜಿಯರು ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿ ಎಣ್ಣೆ ನೀರೆರೆಯುತ್ತಿದ್ದರಲ್ಲ, ಅದೂ ಬೋರಲು ಮಲಗಿಸುವ ಅಭ್ಯಾಸವೇ! ಬಾಣಂತನಕ್ಕೆ ಬಂದ ಅಮ್ಮನಿಗೆ ಹೀಗೆ ವಿವರಿಸಿದರೆ ಸಂತೋಷದಿಂದ ಕೈಜೋಡಿಸುತ್ತಾರೆ. ಆದರೆ ಕತ್ತನ್ನು ಒತ್ತಿ ತಿಕ್ಕುವುದು, ಲಟಿಕೆ ತೆಗೆಯುವುದು ಬೇಡ. ತಲೆ ದುಂಡಗಾಗಲೆಂದು ಸಾಸಿವೆ ದಿಂಬೂ ಬೇಡ. ತಲೆಯ ಆಕಾರಕ್ಕೆಂದು ಮಾರುವ ದಿಂಬುಗಳನ್ನು ಬಳಸಬಾರದೆಂದು ಅಮೆರಿಕದ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ, ಉಸಿರುಕಟ್ಟುವ ಅಪಾಯವಿದೆ. ನಿದ್ದೆಗೆ ಅಂಗಾತವೇ ಸರಿ.

ಸಹಾಯ ಎಲ್ಲಿ?

ಪ್ರತಿ ರಾಜ್ಯದಲ್ಲೂ 3 ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಯೋಜನೆ ಇದೆ. ಡಾಕ್ಟರ ಚೀಟಿಯಿಲ್ಲದೆ ತಂದೆತಾಯಿಯರೇ ಕರೆಮಾಡಬಹುದು; ಮಗುವಿನ ತಪಾಸಣೆ ಉಚಿತ. ಸೇವೆಗೆ ಅರ್ಹತೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ಶೂರೆನ್ಸ್ ಎಷ್ಟು ಭೇಟಿಗಳಿಗೆ ಕೊಡುತ್ತದೆಂದೂ ಮೊದಲೇ ಕೇಳಿಕೊಳ್ಳಿ.

ಒಂದು ಎಚ್ಚರಿಕೆ: ಸರಿಯಾಗಿದ್ದ ಕತ್ತು ಇದ್ದಕ್ಕಿದ್ದಂತೆ ವಾಲಿದರೆ, ಜೊತೆಗೆ ಜ್ವರ, ವಾಂತಿ ಇದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ವ್ಯಾಯಾಮ ಬೇಡ, ಕೂಡಲೇ ಡಾಕ್ಟರಲ್ಲಿಗೆ ಹೋಗಿ.

ಗುಣವಾಯಿತೆನಿಸಿದ ಮೇಲೂ ನಡೆಯಲು ಕಲಿಯುವವರೆಗೆ ಮಗುವಿನ ಮೇಲೆ ಕಣ್ಣಿರಲಿ. ದಿನಕ್ಕೆ ಕೆಲವೇ ನಿಮಿಷ, ಆದರೆ ತಪ್ಪದೆ ಪ್ರತಿದಿನ. ನಮ್ಮ ಮಕ್ಕಳೆಲ್ಲ ಎರಡೂ ಕಡೆ ತಿರುಗಿ ಲೋಕವನ್ನು ಕಣ್ತುಂಬ ನೋಡುವಂತಾಗಲಿ ಎಂಬುದೇ ನಮ್ಮ ಹಾರೈಕೆ.