ನಾವು ಅಳೆಯುವ ಪಾವು

ನೆರೆಮನೆಯವರಿಗೆ ಅಕ್ಕಿಯನ್ನು ಕಡ ಕೊಟ್ಟರೆ, ಅವರು ಅದೇ ಪಾವಿನಿಂದಲೇ ಅಳೆದು ಮರಳಿಸುವುದು ನಮ್ಮ ಹಳ್ಳಿಗಳ ರೂಢಿ. ಕೊಟ್ಟ ಪಾವು ಕೊರೆಯಾಗಿದ್ದರೆ ಬರುವುದೂ ಕೊರೆಯೇ. ಯೇಸುಕ್ರಿಸ್ತನ ಬೋಧನೆಯಲ್ಲಿಯೂ ಧಾನ್ಯದ ಅಳತೆಯ ಇಂಥದೊಂದು ಉಪಮೆಯುಂಟು. ಲೂಕನು ಬರೆದ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಅದು ಬಂದಿದೆ. ಪರರ ವಿಷಯದಲ್ಲಿ ನಾವು ಹಿಡಿದ ಅಳತೆಯೇ ನಮ್ಮ ಪಾಲಿಗೂ ಬರುವುದೆಂಬುದು ಅದರ ತಾತ್ಪರ್ಯ. ತೀರ್ಪು, ಕ್ಷಮೆ, ದಾನ ಈ ಮೂರಕ್ಕೂ ಆ ನಿಯಮವು ಸಲ್ಲುತ್ತದೆ.

ಇದನ್ನು ವ್ಯಾಪಾರವೆಂದು ತಿಳಿಯಬಾರದು. ಮರಳಿ ಪಡೆಯುವ ಆಸೆಯಿಲ್ಲದೆ ಕೊಡಬೇಕೆಂದೂ ವೈರಿಗಳಿಗೂ ಒಳಿತನ್ನು ಮಾಡಬೇಕೆಂದೂ ಅದೇ ಅಧ್ಯಾಯವು ಬೋಧಿಸುತ್ತದೆ. ಫಲವನ್ನು ಕೊಡುವವನು ದೇವರು. ಅದು ಎಂದು, ಯಾರ ಕೈಯಿಂದ ಬರುವುದೆಂಬುದು ನಮ್ಮ ಲೆಕ್ಕಕ್ಕೆ ಸೇರಿದುದಲ್ಲವೆಂದು ಕ್ರೈಸ್ತರು ನಂಬುತ್ತಾರೆ.

ಕನ್ನಡಿಗರಾದ ನಮಗೆ ಇದಕ್ಕೊಂದು ನಿದರ್ಶನವು ಹತ್ತಿರದಲ್ಲಿಯೇ ಇದೆ. ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಭಾರತಕ್ಕೆ ಬಂದರು. ತಮ್ಮ ಧರ್ಮವನ್ನು ಸಾರಲು ಬಂದ ಅವರು ನಮ್ಮ ನುಡಿಯನ್ನು ಶ್ರದ್ಧೆಯಿಂದ ಕಲಿತರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಸುಮಾರು 70,000 ಶಬ್ದಗಳುಳ್ಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡರು. ಮುಂದೆ ಕನ್ನಡಿಗರು ಬೆಂಗಳೂರಿನಲ್ಲಿ ತಮಗೊಂದು ಪ್ರತಿಮೆಯನ್ನು ನಿಲ್ಲಿಸುವರೆಂಬುದನ್ನು ಅವರು ಅರಿತಿರಲಿಲ್ಲ. ಅವರ ಮತವನ್ನು ಅನುಸರಿಸದವರೂ ಇಂದು ಅವರ ನಿಘಂಟನ್ನು ಗೌರವದಿಂದ ತೆರೆಯುತ್ತಾರೆ. ಪರರ ನುಡಿಗೆ ಅವರು ಅಳೆದು ಕೊಟ್ಟ ಗೌರವವು ಅವರ ಹೆಸರಿಗೆ ತುಂಬಿ ತುಳುಕುವಂತೆ ಮರಳಿತು.

ವಿದ್ಯಾರ್ಥಿಗಳೇ, ನಾವೂ ನಾಡನ್ನು ಬಿಟ್ಟು ದಿಲ್ಲಿಗೆ ಬಂದವರು. ಇಲ್ಲಿ ಯಾರಾದರೂ ನಮ್ಮ ಕನ್ನಡವನ್ನು ಹಾಸ್ಯಮಾಡಿದರೆ ನಮಗೆ ನೋವಾಗುತ್ತದೆ. ಹಾಗಿರುವಾಗ ಬಿಹಾರದಿಂದ ಬಂದ ರಿಕ್ಷಾದವನ ಮಾತನ್ನು ನಾವು ಅಣಕಿಸಬಹುದೇ? ತರಗತಿಗೆ ಹೊಸದಾಗಿ ಸೇರಿ, ಕನ್ನಡವನ್ನು ಓದಲು ತಡವರಿಸುವ ಹುಡುಗನನ್ನು ಕಂಡು ನಗಬಹುದೇ? ಮರ್ಯಾದೆಯನ್ನು ಇತರರೇ ಮೊದಲು ಅಳೆಯಲಿ ಎಂದು ಕಾದು ಕುಳಿತರೆ ಯಾರೂ ಅಳೆಯಲಾರರು. ಪಾವು ನಮ್ಮ ಕೈಯಲ್ಲಿದೆ, ತಲೆತುಂಬ ಅಳೆಯೋಣ.