ಗೋದಲಿ ಕೇಕಿಗೆ ಹಸಿ ಮೊಟ್ಟೆ ಬೇಡ

ಕ್ರಿಸ್ಮಸ್‌ಗೆ ಮನೆಯಲ್ಲೇ ಗೋದಲಿ ಕೇಕ್ ಮಾಡುವ ತಾಯಂದಿರಿಗೆ ಒಂದು ಮಾತು. ಹಿಟ್ಟಿಗೆ ಹಾಕಿದ ಮೊಟ್ಟೆ ಒಳಗೆ ಬೇಯುತ್ತದೆ. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಕೇಕ್ ಬೆಂದಿದೆ. ಆದರೆ ಅಲಂಕಾರಕ್ಕೆ ಮೇಲೆ ಹಚ್ಚುವ ಮೊಟ್ಟೆಯ ಬಿಳಿಭಾಗ ಹಸಿಯಾಗಿಯೇ ಉಳಿಯುತ್ತದೆ. ಮನೆಯ ಕೋಳಿಯ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಅದರಿಂದ ವಾಂತಿ, ಭೇದಿ, ಜ್ವರ ಬರುತ್ತವೆ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ವೃದ್ಧರಿಗೂ ಅಪಾಯ ಹೆಚ್ಚು.

ಬದಲಿಗೆ 1 ಬಟ್ಟಲು ನುಣ್ಣಗಿನ ಸಕ್ಕರೆ ಪುಡಿಗೆ ಕುದಿಸಿ ಆರಿಸಿದ ಹಾಲನ್ನು ಒಂದೊಂದೇ ಚಮಚ ಬೆರೆಸಿ, ಗಟ್ಟಿಯಾಗಿ ಕಲಸಿರಿ. ಕೇಕ್ ಪೂರ್ತಿ ತಣಿದ ಮೇಲೆ ಹಚ್ಚಿರಿ. ಕೆಂಪಗೆ ಹುರಿದ ತೆಂಗಿನತುರಿ ಗೋದಲಿಯ ಹುಲ್ಲಾಗಲಿ, ಗೇರುಬೀಜ ಕುರಿಗಳಾಗಲಿ. ಎರಡೂ ನಮ್ಮ ತೋಟದವೇ. ಹಬ್ಬದ ಮರುದಿನ ಯಾವ ಮಗುವೂ ಹಾಸಿಗೆ ಹಿಡಿಯದಿರಲಿ.